ಸಾರವಾಡದ ಹೆಜ್ಜಿ ಮಣ್ಣು

ನನ್ನ ಮಗ ಅಪ್ಪು ಮುಂಜಾನೆ ಎದ್ದ ಕೂಡ್ಲೆ ಹದಿನೇಳು ಸೀನು ಸೀನ್ತಾನ. ಹದಿನಾರಲ್ಲ, ಹದಿನೆಂಟಲ್ಲ. ಕೆಳಗಿನ ಮನ್ಯಾಗ ಲಾಡಲೇಸಾಬ ಇರ್ತಾನ, ಅಂವನ ನಮ್ಮ ಮನಿ ಮಾಲಕ. ಹದಿನೇಳು ಮುಗಿಯೂತನಕ ಅಂವ ಹಾಸಿಗಿ ಬಿಟ್ಟ ಏಳಂಗಿಲ್ಲ. ಒಂದಿನ ಹದಿನಾಲ್ಕಕ್ಕ ನಿಂತುಬಿಟ್ಟುವು. ಅಂವ ಲುಂಗಿ ಕಟಗೊಂತನ ಮೆಟ್ಟಲಾ ಏರಿ ಬಂದು, "ಸುಭಾಷಣ್ಣ, ಇನ್ನಾ ಮೂರು ಬರಬೇಕಲ್ಲರಿ, ಹುಡುಗ ಆರಾಮ ಅದಾನಿಲ್ಲೋ?" ಅಂತ ಕೇಳಿದ.

ಇದು ದುಃಖದ ವಿಷಯ, ಒಪ್ಕೋತೀನಿ. ಆದ್ರ ಇದಕ್ಕಿಂತ ದೊಡ್ಡ ದುಃಖ ಸಾರವಾಡದಾಗ ಐತಿ. ಅಲ್ಲಿ ನನ್ನ ಸಡ್ಡಕ ಶ್ರೀಮಂತ ಇರ್ತಾನ, ಅಂದ್ರ ನನ್ನ ಹೆಂಡ್ತಿ ಮಹಾನಂದಾನ ಅಕ್ಕ ಲಕ್ಷ್ಮಿ ಗಂಡ. ಹೊಲ, ನಾಲ್ಕು ಆಕಳ, ಒಂದು ಹಿಂಡು ಕುರಿ ಇಟಗೊಂಡಾನ. ಅಂವಗ ಮಾಯಕ್ಕ ಅಂತ ಒಬ್ಬಾಕಿ ಮಗಳು. ಅಪ್ಪುಗಿಂತ ಹನ್ನೊಂದು ದಿನಕ್ಕ ದೊಡ್ಡಾಕಿ, ಇಬ್ಬರಿಗೂ ಈಗ ಮೂರು ತುಂಬ್ಯಾವ. ಆಕಿ ಕುರಿ ಹಿಕ್ಕಿ ಬಾಯಾಗ ಹಾಕ್ಕೊಂತಾಳ. ಕರಾ ನೆಕ್ಕಿದ ಕೈಲೇನ ರೊಟ್ಟಿ ತಿಂತಾಳ. ಮಣ್ಣಾಗ ಬಿದ್ದು ಮಣ್ಣಾಗ ಏಳ್ತಾಳ. ಅಷ್ಟಾದ್ರೂ ಹುಟ್ಟಿದಾಗಿಂದ ಆಕಿ ಒಂದು ಸೀನು ಸೀನಿಲ್ಲ. ದೇವರಾಣಿ, ಸಾರವಾಡಕ್ಕ ಹೋದಾಗೊಮ್ಮೆ ನಾ ಆಕಿ ಮೂಗು ನೋಡ್ಕೊಂತ ಕೂಡ್ತೀನಿ, ಈಗರೇ ಸೀನ್ತಾಳೇನು, ಇನ್ನ ಸ್ವಲ್ಪೊತ್ತಿಗರೇ ಸೀನ್ತಾಳೇನು ಅಂತ. ಸೀನಂಗಿಲ್ಲ. ನನ್ನ ಹೊಟ್ಟಿ ಉರದು ಹೋಗ್ತದ.

ಯಾಕ ಉರೀತದ ಅಂದ್ರ, ಸ್ವಚ್ಛತಾ ಅನ್ನೋದು ನನ್ನ ಧಂದೇ ಅದ. ಸ್ಟೇಷನ್ ರಸ್ತೆದಾಗ ಫಿನಾಯಿಲ, ಕಸಬರಿಗಿ, ಕೈ ತೊಳಿಯೋ ಸಾಬಾಣ ನೀರು ಮಾರೋ ಅಂಗಡ್ಯಾಗ ನಾ ಹದಿನಾರು ವರ್ಷದಿಂದ ಕೆಲಸಕ್ಕದೀನಿ. ವಿಜಯಪುರ ಜಿಲ್ಲಾದಾಗ ಎಲ್ಲೆರೇ ಒಂದು ಫರಸಿ ಮಿಂಚಾಕತ್ತದ ಅಂದ್ರ ಅದರಾಗ ನನ್ನ ಪಾಲು ಐತಿ ಅಂತ ನಾ ತಿಳ್ಕೊಂಡೀನಿ. ನಮ್ಮ ಮನ್ಯಾಗ ಮೊದಲ ದಿನಕ್ಕ ಮೂರು ಸಲ ಫಿನಾಯಿಲ ಬೀಳ್ತಿತ್ತು. ಅಪ್ಪು ಹುಟ್ಟಿದ ಮ್ಯಾಲೆ ಐದು ಸಲ ಮಾಡಿದೆ.

ಅಪ್ಪುನ ತೊಟ್ಟಲದಾಗ ಹಾಕಿದ ದಿನ ಶ್ರೀಮಂತ ಸಾರವಾಡದಿಂದ ಬಂದಿದ್ದ. ನಾ ಬಾಗಲದಾಗ ಬಾಟ್ಲಿ ಹಿಡಕೊಂಡು ನಿಂತಿದ್ದೆ. ಬಂದ ಬೀಗರೆಲ್ಲ ಒಂದೊಂದು ಸಲ ಕೈ ತೊಳಕೊಂಡ್ರು. ಶ್ರೀಮಂತಗ ಮಾತ್ರ ಮೊಳಕೈತನಕ ಮೂರು ಸಲ ತೊಳಸಿದೆ. ಮೂರನೇ ಸಲಕ್ಕ ಅಂವ, "ತಮ್ಮಾ, ನಾ ಕೂಸಿನ ಎತ್ತಾಕ ಬಂದೀನಿ, ಆಪರೇಷನ್ ಮಾಡಾಕಲ್ಲ," ಅಂದ. ಇಡೀ ಪಡಸಾಲಿ ನಕ್ಕಿತು. ನನ್ನ ಹೆಂಡ್ತಿ ಎಲ್ಲಾರಕಿಂತ ಹೆಚ್ಚ ನಕ್ಕಳು. ಆ ನಗಿ ಮೂರು ವರ್ಷದಿಂದ ನನ್ನ ಕಿವ್ಯಾಗ ಐತಿ.

ಕಡೀಕ ಅಪ್ಪುನ ಕರಕೊಂಡು ಡಾಕ್ಟರ್ ಆಮ್ರಪಾಲಿಯವ್ರ ಹಂತೇಕ ಹೋದ್ವಿ. ಅವ್ರು ಅರಕೇರಿ ಕಡೆಯವ್ರು, ಮಾತು ಸ್ವಚ್ಛ. ಮೂಗು ನೋಡಿದ್ರು, ಎದಿ ನೋಡಿದ್ರು, ಮನಿ ವಿಚಾರ ಕೇಳಿದ್ರು. ನಾ ಐದು ಸಲದ ಫಿನಾಯಿಲದ ವಿಷಯ ಭಾಳ ಅಭಿಮಾನದಿಂದ ಹೇಳಿದೆ. ಅವ್ರು ಪೆನ್ನು ಕೆಳಗಿಟ್ಟರು.

"ಇದಕ್ಕ ಅಲರ್ಜಿ ಅಂತಾರರಿ. ಹುಟ್ಟಿದ ಮೊದಲನೇ ವರ್ಷ ದನಕರದ ನಡಕ, ಮಣ್ಣು ಧೂಳಿನ್ಯಾಗ ಬೆಳದ ಮಕ್ಕಳಿಗೆ ಇದು ಕಡಿಮಿ ಕಾಣ್ತದ ಅಂತ ಅಭ್ಯಾಸ ಮಾಡಿದವ್ರು ಹೇಳ್ತಾರ. ಸಣ್ಣಾಗಿದ್ದಾಗ ಮೈ ಕಲೀತದ, ಯಾರು ಕಳ್ಳರು, ಯಾರು ಮನಿಗೆ ಬಂದ ಬೀಗರು ಅಂತ. ಅದನ್ನ ಕಲೀಲಾರದ ಮೈ ಬೀಗರ ಮ್ಯಾಲೂ ಬಡಿಗಿ ಎತ್ತತದ. ಆದ್ರ..."

ಆ 'ಆದ್ರ' ಅನ್ನೋದು ಮುಗಿಯೂದ್ರಾಗ ಮಹಾನಂದಾ ಎದ್ದು ನಿಂತಳು. "ನಮ್ಮ ಅಕ್ಕನ ಮನಿ ಇದ್ದಂಗ ಇರಬೇಕು ಅಂದಂಗಾತು. ಮಾಯಕ್ಕನ್ನ ನೋಡ್ರಿ, ಒಂದ ಗುಳಿಗಿ ತಗೊಂಡಿಲ್ಲ. ಮುಂದಿನ ರವಿವಾರ ಅಪ್ಪುನ ಸಾರವಾಡಕ್ಕ ಒಯ್ತೀನಿ. ಆರು ತಿಂಗಳು ಅಲ್ಲೇ ಇಡ್ತೀನಿ, ನಾನೂ ಅಲ್ಲೇ ಇರ್ತೀನಿ."

"ಕುಂದ್ರವಾ, ನಂದಿನ್ನೂ ಮುಗದಿಲ್ಲ," ಅಂದ್ರು ಡಾಕ್ಟರ್. ಆಕಿ ಅಪ್ಪುನ ಎತಗೊಂಡು ಆಗಲೇ ಬಾಗಲಾ ದಾಟಿದ್ದಳು. ನಾ ಆಕಿ ಹಿಂದ ಓಡಿದೆ. ಡಾಕ್ಟರ್ ಉಳದ ಮಾತು ಆ ಕುರ್ಚಿ ಮುಂದನ ಉಳೀತು.

ಆರು ತಿಂಗಳು. ನನ್ನ ಮಗ ಶ್ರೀಮಂತನ ಮನ್ಯಾಗ. ಮುಂಜಾನೆ ಎದ್ದು "ದೊಡ್ಡಪ್ಪಾ" ಅಂತಾನ, ಶ್ರೀಮಂತನ ಹೆಗಲ ಮ್ಯಾಲೆ ಕುಂತು ಕುರಿ ಕಾಯಾಕ ಹೋಗ್ತಾನ, ಸೀನು ಬಿಟ್ಟು ವಾಪಸ್ ಬಂದ್ರ ಜನ್ಮಪೂರ್ತಿ ಶ್ರೀಮಂತನ ಹೆಸರು. "ನಮ್ಮಕ್ಕನ ಗಂಡ ಗುಣ ಮಾಡಿದ್ರು" ಅಂತ ನನ್ನ ಹೆಂಡ್ತಿ ಸ್ಟೇಷನ್ ರಸ್ತೆ ತುಂಬ ಹೇಳ್ಕೋತ ತಿರುಗ್ತಾಳ. ಇದನ್ನ ನಾ ಸಹಿಸಾಕ ಆಗಂಗಿಲ್ಲ. ಹುಡುಗ ಧೂಳಿಗೆ ಹೋಗೂದ್ಯಾಕ, ಧೂಳನ್ನ ಹುಡುಗನ ಕಡೆ ತಂದ್ರಾತು ಅಂತ ನಿರ್ಧಾರ ಮಾಡಿದೆ. ಸಾಮಾನು ತರಸೋದು ನನಗ ಹೊಸಾದಲ್ಲ.

ಶ್ರೀಮಂತನ ಧೂಳು ಕೇಳಾಕ ಮನಸ್ಸಾಗಲಿಲ್ಲ. ಟಿಕೋಟಾದಾಗ ಅಮೀನಸಾಬ ಅಂತ ನಮ್ಮ ಅಂಗಡಿ ಗಿರಾಕಿ ಅದಾರ, ಹೋಟೆಲ್ ಹಿಂದ ಎಮ್ಮಿ ಕಟ್ಯಾರ. ಮಾಲು ಕೊಡಾಕ ಹೋದಾಗ ಹಗೂರಕ ಕೇಳಿದೆ, "ಎಮ್ಮಿ ಕಟ್ಟೋ ಜಾಗಾದ ಮಣ್ಣು ಒಂದು ಡಬ್ಬಿ ಕೊಡ್ರಿ."

"ಹೂವಿನ ಕುಂಡಕ್ಕೇನ್ರಿ?"

"ಇಲ್ರಿ, ಮಗಾಗ."

ಅಮೀನಸಾಬರು ನನ್ನ ಮುಖಾ ಸ್ವಲ್ಪೊತ್ತು ನೋಡಿದ್ರು. ಮಣ್ಣು ಕೊಟ್ಟರು. ಆಮ್ಯಾಲೆ ನಾನ ಮಾರಿದ್ದ ಸಾಬಾಣ ನೀರಿಲೆ ಕೈ ತೊಳಕೊಂಡ್ರು.

ಐದು ಲೀಟರಿನ ಫಿನಾಯಿಲ ಡಬ್ಬ್ಯಾಗ ಆ ಮಣ್ಣು ತಂದೆ. ಮಹಾನಂದಾ ನೀರು ತುಂಬಾಕ ಕೆಳಗಿಳದಾಗ ಅಪ್ಪುನ ಹಾಸಿಗಿ ಸುತ್ತ, ಆಟಿಗಿ ಸಾಮಾನಿನ ಮ್ಯಾಲೆ, ಸ್ವಲ್ಪ ದಿಂಬಿಗೂ ಚೆಲ್ಲಿದೆ. ಆಕಿ ಮ್ಯಾಲೆ ಬಂದು ಗೊಣಗ್ಕೋತ ಎಲ್ಲಾ ಕಸಾ ಹೊಡದು ಗ್ಯಾಲರಿಯಿಂದ ಕೆಳಗ ತಳ್ಳಿದಳು. ಕೆಳಗ ಲಾಡಲೇಸಾಬನ ಹೆಂಡ್ತಿ ಜೀನತಬಿಯವ್ರು ಶಾಂಡಿಗಿ ಒಣಗ ಹಾಕಿದ್ರು. ಮರದಿನಾನೂ ನಾ ಚೆಲ್ಲಿದೆ, ಆಕಿ ಕೆಳಗ ತಳ್ಳಿದಳು. ಮೂರನೇ ದಿನ ಜೀನತಬಿಯವ್ರು ಮೊರಾ ಹಿಡಕೊಂಡು ಮ್ಯಾಲೆ ಬಂದ್ರು.

"ಮಹಾನಂದಾ, ನಮ್ಮ ಶಾಂಡಿಗಿಗೆ ಜೀರಗಿ ಹಾಕೀವಿ, ಎಮ್ಮಿ ಸೆಗಣಿ ಹಾಕಿಲ್ಲವಾ. ಇದು ಎಲ್ಲಿಂದ ಬರಾಕತ್ತದ?"

"ನಮಗೂ ತಿಳೀವಲ್ದರಿ," ಅಂದಳು ಮಹಾನಂದಾ. ನಾ ಪೇಪರ್ ಓದಾಕತ್ತಿದ್ದೆ. ಲಾಡಲೇಸಾಬ, ಸ್ಲ್ಯಾಬ್ ಉದರಾಕತ್ತದ ಅಂತ ತಿಳದು ಗೌಂಡಿನ ಕರಸಿದ. ಗೌಂಡಿ ಬಂದು ನಮ್ಮ ಮನಿ ನೆಲಾ ಎಲ್ಲಾ ಸುತಗಿಲೆ ಬಡದು ನೋಡಿ, ಒಂದಿಷ್ಟು ಮಣ್ಣು ಮೂಸಿ, "ಸ್ಲ್ಯಾಬ್ ಗಟ್ಟಿ ಐತಿ. ಆದ್ರ ಮ್ಯಾಲಿನವ್ರು ಎಮ್ಮಿ ಸಾಕ್ಯಾರ," ಅಂತ ಹೇಳಿ ಹೋದ. ಲಾಡಲೇಸಾಬ ಎರಡು ದಿನ ನಮ್ಮ ಬಚ್ಚಲ ಬಾಗಲಾನೂ ತಗದು ನೋಡಿದ.

ಈ ಕಡೆ ಅಪ್ಪುನ ಸೀನು ಹದಿನೇಳರಿಂದ ನಲವತ್ತೊಂದಕ್ಕ ಏರಿತು. ಬ್ಯಾರೆ ಯಾರರೇ ಆಗಿದ್ರ ಧೂಳಿಗೆ ಕೈ ಮುಗೀತಿದ್ರು. ನಾ ವಿಚಾರ ಮಾಡಿದೆ. ಟಿಕೋಟಾ ಅಂದ್ರ ದ್ರಾಕ್ಷಿ ಊರು, ಬಳ್ಳಿಗೆ ಔಷಧ ಹೊಡೀತಾರ, ಆ ಧೂಳಿನ್ಯಾಗ ಔಷಧ ಕೂಡಿರ್ತದ. ಮಾಯಕ್ಕನ ಮೂಗು ಗಟ್ಟಿ ಮಾಡಿದ್ದು ಸಾರವಾಡದ ಧೂಳು, ಅದರಾಗೂ ಶ್ರೀಮಂತನ ಅಂಗಳದ ಧೂಳು. ಅಸಲಿ ಮಾಲು ಅಲ್ಲೇ ಐತಿ. ಮನಸ್ಸಿಗೆ ಕಹಿ ಆದ್ರೂ ಖರೇ ಖರೇನ.

ರವಿವಾರ ಬಂತು. ಮಹಾನಂದಾ ಆರು ತಿಂಗಳಿನ ಅರಿವಿ ತುಂಬಿ ಎರಡು ಚೀಲಾ ಕಟ್ಟಿದಳು. ನಾನೂ ಕಳಸಾಕ ಬರ್ತೀನಿ ಅಂದೆ, ಕಿಸೇದಾಗ ಮುಖಾ ಒರಸೋ ಎರಡು ದೊಡ್ಡ ದಸ್ತಿ ಮಡಚಿ ಇಟಗೊಂಡೆ. ಇವತ್ತ ಧೂಳು ಸಿಕ್ಕರ ಇಬ್ಬರನ್ನೂ ಇವತ್ತ ವಾಪಸ್ ಕರಕೊಂಡು ಬರ್ತೀನಿ ಅನ್ನೋ ಧೈರ್ಯ ಇತ್ತು.

ಸಾರವಾಡದಾಗ ಇಳದ್ವಿ. ಅಕ್ಕ ತಂಗಿ ಒಳಗ ಹೋಗಿ ಒಲಿ ಮುಂದ ಕುಂತರು. ಶ್ರೀಮಂತ ಕೊಟಗ್ಯಾಗ ದನಕ್ಕ ಮೇವು ಹಾಕಾಕತ್ತಿದ್ದ. ಅಂವನ ತಾಯಿ ಮುದುಕವ್ವ ಕಟ್ಟಿ ಮ್ಯಾಲೆ ಕುಂತು ಎಲಿ ಅಡಿಕಿ ಕುಟ್ಟಾಕತ್ತಿದ್ದಳು. ಅಪ್ಪು ಬೂಟು ಹಾಕ್ಕೊಂಡು ಸೀನ್ಕೋತ ನಿಂತಿದ್ದ. ಮಾಯಕ್ಕ ಬರಿಗಾಲಿಲೆ ಅಂಗಳ ತುಂಬ ಕುರಿಮರಿ ಹಿಂದ ಓಡಾಕತ್ತಿದ್ದಳು. ಆಕಿ ಎಲ್ಲಿ ಓಡ್ತಾಳೋ ಅಲ್ಲೇ ಖರೇ ಧೂಳು ಐತಿ ಅಂತ ನಾ ಆಕಿ ಹಿಂದಿಂದನ ಕುಕ್ಕರಗಾಲಿಲೆ ಸರಕೋತ ಹೋದೆ. ಆಕಿ ಇಟ್ಟ ಹೆಜ್ಜ್ಯಾಗಿನ ಮಣ್ಣು ಕೆರದು ಕೆರದು ದಸ್ತ್ಯಾಗ ತುಂಬಿದೆ. ಶ್ರೀಮಂತ ಕೊಟಗಿಯಿಂದ ನಡದು ಬಂದ ದಾರಿದೂ ನಾಲ್ಕು ಹಿಡಿ ತಗೊಂಡೆ.

ಇಲ್ಲೇ ನಾ ಒಂದು ಮರತುಬಿಟ್ಟಿದ್ದೆ. ಪ್ಯಾಟ್ಯಾಗ ಇದ್ದು ಇದ್ದು ಹಂಗಾತು. ನಮ್ಮ ಕಡೆ ಕೂಸಿಗೆ ಯಾರದರೇ ಕಣ್ಣು ಬಿತ್ತಂದ್ರ, ಕಣ್ಣು ಹಾಕಿದವ್ರ ಹೆಜ್ಜಿ ಮಣ್ಣು ತರ್ತಾರ. ಅದಕ್ಕ ಉಪ್ಪು, ಒಣ ಮೆಣಸಿನಕಾಯಿ ಕೂಡಿಸಿ ಕೂಸಿಗೆ ಇಳಿ ತಗದು, ಅಂದ್ರ ತಲಿ ಸುತ್ತ ತಿರುವಿ ಇಳಸಿ, ಒಲ್ಯಾಗ ಹಾಕ್ತಾರ. ಮೆಣಸಿನಕಾಯಿ ಸುಟ್ಟ ಘಾಟು ಬಂದ್ರ ಕಣ್ಣಿಲ್ಲ. ಘಾಟು ಬರದಿದ್ರ ಕಣ್ಣು ಬಿದ್ದದ್ದು ಖರೇ. ಹೆಜ್ಜಿ ಮಣ್ಣು ತಗೊಂಡ್ರಿ ಅಂದ್ರ, 'ನಿಮ್ಮ ಕಣ್ಣು ಕೆಟ್ಟದ್ದು' ಅಂತ ಅವ್ರ ಮುಖದ ಮ್ಯಾಲೇನ ಹೇಳಿದಂಗ.

ಮುದುಕವ್ವನ ಕುಟ್ಟೋ ಸಪ್ಪಳ ನಿಂತಿತು. "ಯಪ್ಪಾ, ಹೆಜ್ಜಿ ಮಣ್ಣ್ಯಾಕ ತಗೊಳ್ಳಾಕತ್ತಿ?"

ನಿಮ್ಮ ಧೂಳು ನಮ್ಮ ಧೂಳಿಗಿಂತ ಚೊಲೋ ಅಂತ ಶ್ರೀಮಂತ ಕೇಳೂಹಂಗ ನಾ ಹೇಳ್ತೀನೇನು? "ಏನಿಲ್ಲ ಬೇ. ಅಪ್ಪುಗ ಬೇಕಾಗಿತ್ತು," ಅಂದೆ.

"ಅಪ್ಪುಗೇನಾಗೇತಿ?"

"ಒಂದ ಸವನ ಸೀನು. ಇದರಿಂದನ ಗುಣ ಆಗಬೇಕು."

"ಯಾರ ಹೆಜ್ಜೀದು ತಗೊಂಡಿ?"

"ಎಲ್ಲಾರದೂ ಸ್ವಲ್ಪ ಸ್ವಲ್ಪ ತಗೊಂಡೀನಿ ಬೇ. ಮಾಯಕ್ಕನದು ಹೆಚ್ಚಿಗೆ ಐತಿ. ಖರೇ ಮೂಲ ಆಕೀನ ಅಲ್ಲೇನು?"

ಮುದುಕವ್ವ ಕುಟ್ಟೋ ಕಲ್ಲು ಕೆಳಗಿಟ್ಟಳು. ಒಳಗ ನನ್ನ ಮಾತು ಕೇಳಿದ ಲಕ್ಷ್ಮಿ ಹಿಟ್ಟಿನ ಕೈಲೇನ ಹೊರಗ ಬಂದಳು. "ಮೂರು ವರ್ಷದ ಕೂಸಿನ ಕಣ್ಣು ಕೆಟ್ಟದ್ದು ಅಂತಾರ ಇವ್ರು," ಅಂತ ಕಟ್ಟಿ ಮ್ಯಾಲೆ ಕುಂತು ಅಳಾಕ ಹತ್ತಿದಳು. ಮಹಾನಂದಾ ಬಾಗಲದಾಗ ಬಂದು ನಿಂತು ನನ್ನ ಕೈಯಾಗಿನ ದಸ್ತಿ ನೋಡಿದಳು, ಅಕ್ಕನ ಮುಖಾ ನೋಡಿದಳು, ಅಕ್ಕನ ಮಗ್ಗಲಕ ಹೋಗಿ ಕುಂತಳು. ಆಕಿ ಬೈದಿದ್ರ ನನಗ ಆರಾಮ ಅನಸ್ತಿತ್ತು.

ಓಣಿ ಮಂದಿ ಕೂಡಿತು. ಬಬಲೇಶ್ವರಕ್ಕ ಹೊಂಟಿದ್ದ ಟ್ರ್ಯಾಕ್ಟರ್ ನಿಂತು ಅದರ ಮ್ಯಾಲಿನವ್ರೂ ಇಳದು ಬಂದ್ರು. ಗ್ರಾಮ ಪಂಚಾಯ್ತಿ ಮೆಂಬರ್ ರಾಮಲಿಂಗ ಬಂದ, ಅಂವಗ ಯಾರೋ ಕುರ್ಚಿ ತಂದು ಹಾಕಿದ್ರು. ದಸ್ತಿ ಬಿಚ್ಚಸಿ ಮಣ್ಣನ್ನ ಜಪ್ತಿ ಮಾಡಿದ ಮಾಲು ನೋಡಿದಂಗ ನೋಡಿದ.

"ಹೇಳ್ರಿ ಸುಭಾಷವ್ರ, ಯಾರ ಕಣ್ಣು ಬಿದ್ದದ? ಹೆಸರು ಹೇಳಿಬಿಡ್ರಿ."

"ಯಾರದೂ ಇಲ್ರಿ. ಡಾಕ್ಟರ್ ಹೇಳ್ಯಾರ."

"ಡಾಕ್ಟರ್ ಹೆಜ್ಜಿ ಮಣ್ಣು ಬರದುಕೊಟ್ಟಾರ?"

"ಬರದುಕೊಟ್ಟಿಲ್ಲ. ಬಾಯಿಲೆ ಹೇಳ್ಯಾರ."

ಟ್ರ್ಯಾಕ್ಟರಿನ ಮಂದ್ಯಾಗ ಒಬ್ಬಾಂವ, "ಅಂಥಾ ಡಾಕ್ಟರ್ ಎಲ್ಲಿ ಅದಾರ್ರಿ, ನಮ್ಮ ಎತ್ತಿಗೂ ತೋರಸಬೇಕಾಗಿತ್ತು," ಅಂತ ಕೇಳಿದ. ರಾಮಲಿಂಗ ನನ್ನ ಕಡೆಯಿಂದ ಡಾಕ್ಟರ್ ನಂಬರ್ ತಗೊಂಡು ಫೋನ್ ಹಚ್ಚಿದ, ಸ್ಪೀಕರ್ ಒತ್ತಿ ಮೊಣಕಾಲ ಮ್ಯಾಲೆ ಇಟಗೊಂಡ. ಇಡೀ ಅಂಗಳ ಫೋನ್ ಕಡೆ ಬಗ್ಗಿತು. ಅಪ್ಪು ಮಾತ್ರ ಎರಡು ಸಲ ಸೀನಿದ.

"ಮೇಡಮ್ಮರ, ಸುಭಾಷ ಅನ್ನೋರಿಗೆ ಸಡ್ಡಕರ ಮನಿ ಹೆಜ್ಜಿ ಮಣ್ಣು ತಗೊಂಡು ಹೋಗು ಅಂತ ಹೇಳೀರೇನು?"

ಆ ಕಡೆಯಿಂದ ಡಾಕ್ಟರ್ ದನಿ ಬಂತು. "ಐದು ಸಲ ಫಿನಾಯಿಲ ಹಾಕ್ತಾರಲ್ಲ, ಅವ್ರೇನ್ರಿ? ಅವ್ರು ಅರ್ಧಾ ಕೇಳಿ ಓಡಿಹೋದ್ರು. ಉಳದದ್ದು ಈಗ ಕೇಳಸ್ರಿ. ದನಕರದ ಧೂಳು ಏನರೇ ಮಾಡಿದ್ರ ಹಸಗೂಸಿದ್ದಾಗ ಮಾಡ್ತದ, ಅದೂ ಎಲ್ಲಾರಿಗೂ ಅಂತ ಗ್ಯಾರಂಟಿ ಇಲ್ಲ. ಈ ಹುಡುಗಗ ಅಲರ್ಜಿ ಹತ್ತಿ ಆಗೇತಿ, ಇವಗ ಧೂಳು ಹಾಕಿದ್ರ ಇನ್ನಾ ಹೆಚ್ಚಾಗ್ತದ. ಧೂಳು, ಹೊಗಿ ಎರಡರಿಂದನೂ ದೂರ ಇಡ್ರಿ. ಆ ಫಿನಾಯಿಲ ಘಾಟೂ ಬಂದ್ ಮಾಡಸ್ರಿ, ಬರೇ ನೀರಿಲೆ ನೆಲಾ ಒರಸಿದ್ರ ಸಾಕು. ಸೋಮವಾರ ಕರಕೊಂಡು ಬರ್ರಿ, ಔಷಧ ಕೊಡ್ತೀನಿ. ಅಲ್ರಿ, ಧೂಳು ಹಾಕಿದವ್ರು ಯಾರು?"

ಎಲ್ಲಾರೂ ನನ್ನ ನೋಡಿದ್ರು. ಮಹಾನಂದಾ ಅಪ್ಪುನ ಎತಗೊಂಡು, ಸೆರಗಿಲೆ ಅಂವನ ಮೂಗು ಮುಚ್ಚಿ, "ಅಪ್ಪುನ ಹಾಸಿಗಿಗೆ ಮಣ್ಣು ಹಾಕಿದವ್ರು ನೀವೇನ್ರಿ?" ಅಂತ ಕೇಳಿದಳು. ನಾ ದಿಂಬಿಗೂ ಹಾಕಿದ್ದನ್ನ ಹೇಳಲಿಲ್ಲ. ಆದ್ರ ಇನ್ನ ಮುಚ್ಚಿಡಾಕೂ ಆಗಲಿಲ್ಲ.

"ಹೌದು, ನಾನ ಹಾಕಿದ್ದು," ಅಂದೆ. "ನನಗ ಹೊಟ್ಟಿಕಿಚ್ಚು ಐತಿ. ಮೂರು ವರ್ಷದಿಂದ ಐತಿ. ನನ್ನ ಮಗಗ ಐದು ಸಲ ನೆಲಾ ಒರಸಿದೆ, ಅಂವ ಸೀನ್ತಾನ. ಶ್ರೀಮಂತಣ್ಣ ಒಂದಿನಾನೂ ಏನೂ ಮಾಡಲಿಲ್ಲ, ಅವನ ಮಗಳು ಕಲ್ಲಿನಂಗ ಅದಾಳ. ನನ್ನ ಮಗ ಆರು ತಿಂಗಳು ಇವನ ಮನ್ಯಾಗ ಬೆಳೀಬಾರದು ಅಂತ ಇವನ ಧೂಳನ್ನ ನಮ್ಮ ಮನಿಗೆ ಒಯ್ಯಾಕ ಬಂದಿದ್ದೆ. ನಿಮ್ಮ ಕಣ್ಣಿಗೆ ನಾ ಏನೂ ಅಂದಿಲ್ಲ. ಕೆಟ್ಟ ಕಣ್ಣಿದ್ರ ಅದು ನಂದ."

ಶ್ರೀಮಂತ ಮೇವಿನ ಕೈ ಝಾಡಸಿಕೊಂಡ. "ತೊಟ್ಟಲದ ದಿನಾನ ಕೇಳಿದ್ರ ಒಂದು ಚೀಲಾ ತುಂಬಿ ಕಳಸ್ತಿದ್ದೆನಲ್ಲೋ ತಮ್ಮಾ. ಅವತ್ತ ನನ್ನ ಕೈಯಾಗಿದ್ದದ್ದನ್ನೂ ನೀ ಮೂರು ಸಲ ತೊಳಸಿದಿ."

ಮಂದಿ ನಕ್ಕರು. ಲಕ್ಷ್ಮಿ ಅಳೂದು ಬಿಟ್ಟು ಮೂಗು ಒರಸಿಕೊಂಡಳು. ಮುದುಕವ್ವ ಮಾತ್ರ ನಗಲಿಲ್ಲ. ತಲಿ ಅಲ್ಲಾಡಿಸಿ, "ಕಣ್ಣು ನಿಂದ ಅಂತ ನಮಗ ಗೊತ್ತದ ಯಪ್ಪಾ," ಅಂದಳು. "ನೀ ಬಂದು ಹೋದಾಗೊಮ್ಮೆ ನಿನ್ನ ಹೆಜ್ಜಿ ಮಣ್ಣು ತಗೊಂಡು ಮಾಯಕ್ಕಗ ಇಳಿ ತಗೀತೀನಿ. ಮೂರು ವರ್ಷ ಆತು, ಒಂದ ಸಲಾನೂ ಮೆಣಸಿನಕಾಯಿ ಘಾಟು ಬಂದಿಲ್ಲ."

ನನಗ ಸಿಟ್ಟು ನೆತ್ತಿಗೇರಿತು. "ಮತ್ತ ನಾ ನಾಲ್ಕು ಹಿಡಿ ತಗೊಂಡ್ರ ಪಂಚಾಯ್ತಿ ಕೂಡಸಿದ್ರಲ್ಲ ಬೇ?"

"ನಾವು ನೀ ಹೋದ ಮ್ಯಾಲೆ ತಗೋತೀವಿ. ಮನಿ ಮಂದಿ ಮುಂದ ಕುಕ್ಕರಗಾಲಿಲೆ ಕುಂತು ಯಾರು ತಗೋತಾರ?" ಅಂದಳು ಮುದುಕವ್ವ. ರಾಮಲಿಂಗ, "ಅಜ್ಜಿ ಹೇಳಿದ್ದು ಬರೋಬ್ಬರಿ," ಅಂತ ತೀರ್ಪು ಕೊಟ್ಟು, ಚಾ ಬರತದೇನು ಅಂತ ಬಾಗಲಾ ಕಡೆ ನೋಡಿದ.

ನಾ ಮಹಾನಂದಾನ ಮುಖಾ ನೋಡಿದೆ. ಆ ಎರಡು ಚೀಲಾ ಕಟ್ಟಿ ಮ್ಯಾಲೆ ಇದ್ದುವು. ಆಕಿ ಅದರಾಗ ಒಂದನ್ನ ತನ್ನ ಕಡೆ ಎಳಕೊಂಡಳು. "ಮನ್ಯಾಗ ಒಂದು ತೊಟ್ಟು ಫಿನಾಯಿಲ ಬಿದ್ರ ಚೀಲಾ ಮತ್ತ ಕಟ್ಟತೀನಿ," ಅಂದಳು. "ಸಂಜಿ ಬಸ್ಸಿಗೆ ಹೋಗೂಣು. ಮೊದಲ ನಮ್ಮಕ್ಕನ ಕಾಲಿಗೆ ಬೀಳ್ರಿ."

ಬಿದ್ದೆ. ಏಳುವಾಗ ಕೈಗೆ ಮಣ್ಣು ಹತ್ತಿತ್ತು, ಎಲ್ಲಾರೂ ನೋಡೂಹಂಗ ಅಲ್ಲೇ ಝಾಡಸಿದೆ.

ಮುದುಕವ್ವ, ನೀ ಒಪಗೊಂಡೀದಿ, ಇವತ್ತ ಕಡೇದ್ದೊಂದು ಇಳಿ ತಗದುಬಿಡ್ತೀನಿ ಅಂದಳು. ಡಾಕ್ಟರ್ ಹೇಳಿದ ಹೊಗಿ ನೆನಪಾಗಿ ಮಹಾನಂದಾ ಅಪ್ಪುನ ಎತಗೊಂಡು ಮೂರು ಮನಿ ಆಚೆಕ ಹೋಗಿ ಕುಂತಳು. ಮುದುಕವ್ವ ನನ್ನ ಕಣ್ಮುಂದನ ನನ್ನ ಕಾಲಬುಡದ ಮಣ್ಣು ತಗೊಂಡಳು, ಉಪ್ಪು, ಏಳು ಬ್ಯಾಡಗಿ ಮೆಣಸಿನಕಾಯಿ ಕೂಡಿಸಿ ಮಾಯಕ್ಕಗ ಇಳಿ ತಗದು ಅಂಗಳದ ಒಲ್ಯಾಗ ಒಗದಳು. ಮೂರು ವರ್ಷ ಬರಲಾರದ ಘಾಟು ಅವತ್ತ ಬಂತು. ರಾಮಲಿಂಗ ಕುರ್ಚಿ ಬಿಟ್ಟು ಓಡಿದ, ಟ್ರ್ಯಾಕ್ಟರ್ ಮಂದಿ ಕೆಮ್ಮಿಕೋತ ಟ್ರ್ಯಾಕ್ಟರ್ ಹತ್ತಿದ್ರು. "ಹೋತು, ಕಣ್ಣು ಪೂರಾ ಹೋತು," ಅಂತ ಮುದುಕವ್ವ ಕಣ್ಣಾಗ ನೀರು ಸುರಸ್ಕೋತ ಹೇಳಿದಳು. ನನ್ನ ಎದ್ಯಾಗೂ ಏನೋ ಹಗುರಾತು, ಖರೇ ಹೇಳ್ತೀನಿ. ಶ್ರೀಮಂತನ ಹೆಗಲ ಮ್ಯಾಲೆ ಕೈ ಇಟ್ಟೆ.

ಅಷ್ಟರಾಗ ಮಾಯಕ್ಕ ಮೂಗು ಮ್ಯಾಲೆತ್ತಿದಳು. ಕಣ್ಣು ಸಣ್ಣ ಮಾಡಿದಳು. ಸೀನಿದಳು. ಮತ್ತೊಂದು ಸೀನಿದಳು. ಮೂರು. ನಾಲ್ಕು.

"ಐದು," ಅಂದೆ ನಾ. ಅಂದದ್ದು ಸ್ವಲ್ಪ ಜೋರಾಗಿನ ಆತು ಅಂತ ಕಾಣ್ತದ. ಮುಖದ ಮ್ಯಾಲಿನ ನಗಿ ಮುಚ್ಚಾಕ ಹೋದೆ, ಆಗಲಿಲ್ಲ.

ಮುದುಕವ್ವ ಸೆರಗಿಲೆ ಕಣ್ಣು ಒರಸಿಕೊಂಡು ನನ್ನ ಮುಖಾ ನೋಡಿದಳು. ಆಮ್ಯಾಲೆ ಸೊಂಟಾ ಹಿಡಕೊಂಡು ನನ್ನ ಕಾಲಬುಡಕ ಮೆಲ್ಲಕ ಬಗ್ಗಿದಳು.

"ಒಂದು ಹೆಜ್ಜಿ ಹಿಂದಕ ಸರಿ ಯಪ್ಪಾ," ಅಂದಳು.